ಬಳ್ಳಿಯ ಬಡಿತ ನಿಲ್ಲುವವರೆಗೆ

ದಢೇಸುಗೂರಿನ ಗದ್ದೆಗಳಲ್ಲಿ ಹತ್ತು ಹೆಂಗಸರ ಜೊತೆ ಮಾತಾಡುತ್ತ ಭತ್ತ ನಾಟಿ ಮಾಡಿ ಬೆಳೆದವಳು ರೇಣುಕಾದೇವಿ. ಮದುವೆಯಾಗಿ ಹಟ್ಟಿಗೆ ಬಂದ ಮೇಲೆ ಮಾತಿಗೆ ಒಬ್ಬರೂ ಸಿಗಲಿಲ್ಲ. ಗಂಡ ನರಸಣ್ಣ ಚಿನ್ನದ ಗಣಿಯ ಕೆಲಸಗಾರ. ಪಾಳಿ ಮುಗಿಸಿ ಬಂದರೆ ಉಂಡು ಮಲಗುತ್ತಿದ್ದ. ಕೆಟ್ಟವನಲ್ಲ, ದಣಿದವನು.

ಚೊಚ್ಚಲ ಹೆರಿಗೆಗೆ ತವರಿನವರು ಕರೆದೊಯ್ಯುವುದು ರೂಢಿ. ಆದರೆ ಅವ್ವ ತೀರಿಹೋಗಿದ್ದಳು, ಅಪ್ಪ ಇನ್ನೊಂದು ಮದುವೆಯಾಗಿದ್ದ. ಕರೆಯಲು ಯಾರೂ ಬರಲಿಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಅವಳು ಹೊಟ್ಟೆಯೊಳಗಿನ ಕೂಸನ್ನೇ ಕೇಳತೊಡಗಿದಳು.

ಒಂದು ದಿನ ಫೋನಿನಲ್ಲಿ ಎಲ್ಲಿಯದೋ ಕೂಸೊಂದನ್ನು ಕಂಡಳು. ಅದರ ಹೊಕ್ಕುಳಬಳ್ಳಿ ಕೊಯ್ದಿರಲಿಲ್ಲ. ಬಳ್ಳಿಯ ಇನ್ನೊಂದು ತುದಿಗಿದ್ದ ಮಾಸಿಗೆ ಉಪ್ಪು, ಅರಿಶಿನ ಸವರಿ, ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟಿದ್ದರು. ಆ ವಿಡಿಯೊವನ್ನು ಅವಳು ಮತ್ತೆ ಮತ್ತೆ ನೋಡಿದಳು.

ಲಿಂಗಸುಗೂರಿನ ಆಸ್ಪತ್ರೆಗೆ ತೋರಿಸಲು ಹೋದಾಗ ನರ್ಸ್ ಮುನ್ನಿಬೀಗೆ ಹೇಳಿದಳು. "ಅಕ್ಕಾರ, ನನ್ನ ಕೂಸಿನ ಬಳ್ಳಿ ಕೊಯ್ಯಬ್ಯಾಡ್ರಿ. ತಾನ ಬೀಳೋತನಕ ಇಡ್ತೀನ್ರಿ. ಕೂಸಿಗಿ ಛಲೋ ಅಂತ್ರಿ."

ಮೂವತ್ತು ವರ್ಷ ಹೆರಿಗೆ ಮಾಡಿಸಿದ್ದ ಮುನ್ನಿಬೀ ನಗಲಿಲ್ಲ, ಗದರಲೂ ಇಲ್ಲ.

"ಅರ್ಧ ಖರೇ ಐತಿ ತಂಗಿ. ಹುಟ್ಟಿದ ಕೂಡ್ಲೇ ಕೊಯ್ಯಬಾರ್ದು. ಎರಡು ಮೂರು ಮಿನಿಟು ಬಿಟ್ರ ಮಾಸಿನಾಗಿನ ರಕ್ತ ಕೂಸಿಗಿ ಹೋಗ್ತೈತಿ, ಮುಂದ ಮೈಯಾಗ ರಕ್ತ ಕಮ್ಮಿ ಆಗಂಗಿಲ್ಲ. ಬಳ್ಳಿ ಬಡಿಯೋದು ನಿಂತ ಮ್ಯಾಲ ಅದನ್ನ ಇಟ್ಟು ಏನ್ ಮಾಡ್ತಿ? ಹೊರಗ ಬಂದ ಮಾಸು ಸತ್ತ ಮಾಂಸ. ಈ ಬಿಸಲಾಗ ಕೊಳಿತೈತಿ. ಆ ನಂಜು ಕೂಸಿನ ರಕ್ತಕ್ಕ ಇಳಿದ್ರ ಜೀವಕ್ಕ ಕುತ್ತು. ಅಷ್ಟು ದಿನ ಇಟ್ರ ಲಾಭ ಐತಿ ಅಂತ ಯಾವ ಡಾಕ್ಟರೂ ತೋರ್ಸಿಲ್ಲ." ಆಮೇಲೆ ಕೇಳಿದಳು. "ನಿನಗ ಯಾಕ ಬೇಕದು?"

ರೇಣುಕಾ ಸೆರಗಿನ ತುದಿ ಹಿಂಡಿದಳು. "ಕೊಯ್ದ್ರ ಬ್ಯಾರೆ ಆಗ್ತೈತಲ್ರಿ. ಇಷ್ಟು ತಿಂಗಳು ಮನ್ಯಾಗ ನಾವಿಬ್ರೇ ಇದ್ವಿ."

"ಆ ಬಳ್ಳಿ ಕಟ್ಟಿರೋದು ಮಾಸಿಗಿ, ನಿನಗಲ್ಲ ತಂಗಿ."

ಹೆರಿಗೆಯ ದಿನ ನರಸಣ್ಣ ಮುಂಜಾನೆಯ ಪಾಳಿಗೆ ಗಣಿಗೆ ಇಳಿದಿದ್ದ. ಪಕ್ಕದ ಮನೆಯಾಕೆ ಆಟೋದಲ್ಲಿ ಕರೆತಂದು ಬಿಟ್ಟು, ಮನೆಯಲ್ಲಿ ಮಕ್ಕಳಿದ್ದಾರೆಂದು ಹೊರಟುಹೋದಳು. ಹತ್ತು ಗಂಟೆಗೆ ಹೆಣ್ಣುಕೂಸು ಹುಟ್ಟಿ ಜೋರಾಗಿ ಅತ್ತಿತು. ಮುನ್ನಿಬೀ ಅದನ್ನು ತಾಯಿಯ ಎದೆಯ ಮೇಲಿಟ್ಟು, ಅವಳ ಬೆರಳನ್ನು ಬಳ್ಳಿಗೆ ಮುಟ್ಟಿಸಿದಳು.

"ಸುಮ್ನ ಹಿಡಿ."

ಬಳ್ಳಿ ಬಿಸಿಯಾಗಿತ್ತು. ನಾಡಿಯಂತೆ ಬಡಿಯುತ್ತಿತ್ತು. ಬರಬರುತ್ತ ಬಡಿತ ಸಣ್ಣಗಾಯಿತು, ಬಿಳುಪಾದ ಬಳ್ಳಿ ಮೆತ್ತಗೆ ಜೋತುಬಿತ್ತು.

"ನಿಂತಿತೇನು?"

"ನಿಂತೈತ್ರಿ," ಎಂದಳು ರೇಣುಕಾ. ಬಳ್ಳಿಯಿಂದ ಬೆರಳು ತೆಗೆದು ತಾನೇ ಹೇಳಿದಳು, "ಕೊಯ್ರಿ."

ಆಮೇಲೆ ಗಂಡನಿಗೆ ಫೋನ್ ಮಾಡಿದಳು. ಗಣಿಯ ಕೆಳಗೆ ಫೋನ್ ಹತ್ತುವುದಿಲ್ಲ. ಅಪ್ಪನ ಫೋನ್ ರಿಂಗಾಯಿತು, ಯಾರೂ ಎತ್ತಲಿಲ್ಲ. ಎರಡಕ್ಕೆ ಡ್ಯೂಟಿ ಮುಗಿದು ಮುನ್ನಿಬೀಯೂ ಹೋದಳು. ಪಕ್ಕದ ಮಂಚದ ಸುತ್ತ ಐದಾರು ಮಂದಿ ನೆರೆದು ಕೂಸಿಗೆ ಯಾವ ಹೆಸರಿಡುವುದೆಂದು ಮಾತಾಡುತ್ತಿದ್ದರು.

ಸಂಜೆ ಐದಕ್ಕೆ ನರಸಣ್ಣ ಓಡಿಬಂದ. ಕೂಸಿನ ಕಾಲು ಮುಟ್ಟಿ ನೋಡಿದ. "ಭಾಳ ತ್ರಾಸಾತೇನು?" ಎಂದ. ಬೆರಳಡಿಯ ಆ ಬಡಿತವನ್ನು ಅವನಿಗೆ ಹೇಗೆ ಹೇಳುವುದೆಂದು ಅವಳು ಯೋಚಿಸುವಷ್ಟರಲ್ಲಿ, ಗೋಡೆಗೆ ಒರಗಿ ಕೂತವನಿಗೆ ನಿದ್ದೆ ಹತ್ತಿತ್ತು. ಅವಳು ಎಬ್ಬಿಸಲಿಲ್ಲ.

ಏಳನೆಯ ದಿನ, ಹಟ್ಟಿಯ ಮನೆಯಲ್ಲಿ, ಹೊಕ್ಕುಳ ತುಂಡು ಒಣಗಿ ಬಟ್ಟೆಯಲ್ಲಿ ಬಿದ್ದಿತ್ತು. ಕೀವಿಲ್ಲ, ಜ್ವರವಿಲ್ಲ. ರೇಣುಕಾ ಮುನ್ನಿಬೀಗೆ ಫೋನ್ ಮಾಡಿದಳು.

"ಛಲೋ ಆತು ತಂಗಿ. ಇಲ್ಲಿ ಒಬ್ಬಾಕಿ ಹೆರಾಕತ್ಯಾಳ, ಆಮ್ಯಾಲ ನಾನ ಮಾಡ್ತೀನಿ," ಎಂದು ಆಕೆ ಫೋನ್ ಇಟ್ಟಳು.

ಸಂಜೆಯವರೆಗೆ ರೇಣುಕಾ ಫೋನನ್ನು ಮಗ್ಗುಲಲ್ಲೇ ಇಟ್ಟುಕೊಂಡಿದ್ದಳು.