ಎರಡು ಸಾಲಿಗೂ ಒಂದೇ ಬಳ್ಳಿ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಬಳ್ಳಿಯಕ್ಕ ಎನ್ನುತ್ತಿದ್ದರು. ಹೆರಿಗೆ ವಾರ್ಡಿನಿಂದ ಹೊಕ್ಕುಳಬಳ್ಳಿಗಳನ್ನು ಐಸ್ ಪೆಟ್ಟಿಗೆಯಲ್ಲಿ ತರುವುದು, ಪರೀಕ್ಷೆ ಮುಗಿದ ತಟ್ಟೆಗಳನ್ನು ತೊಳೆದಿಡುವುದು ಅವಳ ಕೆಲಸ. ಬಳ್ಳಿಯ ರಕ್ತನಾಳದ ಒಳಪದರದಿಂದ ಜೀವಕೋಶಗಳನ್ನು ಬಿಡಿಸಿ ಅಲ್ಲಿ ಬೆಳೆಸುತ್ತಿದ್ದರು. ಬೆಳೆದ ಮೇಲೆ ಅವುಗಳಿಗೆ ಕೋಶ ಕೊಲ್ಲುವ ಪೆರಾಕ್ಸೈಡ್ ಹಾಕುತ್ತಿದ್ದರು. ಜಿನ್ಸೆಂಗ್ ಎಂಬ ಔಷಧಿ ಬೇರಿನ ಅಂಶವನ್ನು ಮೊದಲೇ ಕುಡಿಸಿದ್ದರೆ ಎಷ್ಟು ಕೋಶ ಉಳಿಯುತ್ತವೆ ಎಂಬುದೇ ಪರೀಕ್ಷೆ. ತಟ್ಟೆಯ ಒಂದು ಸಾಲಿನ ಗುಳಿಗಳಿಗೆ ಬೇರು ಮತ್ತು ಪೆರಾಕ್ಸೈಡ್, ಇನ್ನೊಂದು ಸಾಲಿಗೆ ಬರೀ ಪೆರಾಕ್ಸೈಡ್.

ಆ ವಾರ ಅವಳು ತಂದದ್ದು ಸ್ವಂತ ಮಗಳ ಹೆರಿಗೆಯ ಬಳ್ಳಿ. ಮಗಳು ಮೊದಲೇ ಒಪ್ಪಿಗೆ ಕೊಟ್ಟಿದ್ದಳು. ಕೂಸು ಒಂದು ಗಂಟೆಯೂ ಉಳಿಯಲಿಲ್ಲ. ಬಳ್ಳಿಯಾದರೂ ಬದುಕಲಿ ಎಂದು ಬಳ್ಳಿಯಕ್ಕ ಯಾರಿಗೂ ಹೇಳದೆ ಪೆಟ್ಟಿಗೆ ಎತ್ತಿಕೊಂಡು ಬಂದಳು.

ಕೋಶಗಳು ತಳಕ್ಕೆ ಅಂಟಿ ಹರಡಿಕೊಂಡವು. ನೆಲ ಒರೆಸುವ ನೆಪದಲ್ಲಿ ಅವಳು ಸೂಕ್ಷ್ಮದರ್ಶಕದ ಬಳಿಯೇ ಸುಳಿದಾಡಿದಳು.

“ಏನಕ್ಕ, ಮೊಮ್ಮಗು ನೋಡೋ ಹಾಗೆ ಬಗ್ಗಿ ಬಗ್ಗಿ ನೋಡ್ತೀರಲ್ಲ!” ಸಂಶೋಧಕಿ ನಕ್ಕಳು.

“ಮೊಮ್ಮಗೂದೇ ಕಣಮ್ಮ. ಕೂಸು ಹೋಯ್ತು.”

ಸಂಶೋಧಕಿ ಪಿಪೆಟ್ ಕೆಳಗಿಟ್ಟು, ಕುರ್ಚಿ ಎಳೆದುಕೊಟ್ಟಳು. ಬಳ್ಳಿಯಕ್ಕ ಕೂರಲಿಲ್ಲ.

“ಎಲ್ಲಾನೂ ಬೇರಿನ ಸಾಲಿಗೇ ಹಾಕಮ್ಮ.”

“ಆಗಲ್ಲ ಅಕ್ಕ. ಎರಡು ಸಾಲಿಗೂ ಒಂದೇ ಬಳ್ಳಿ ಇರ್ಬೇಕು. ಬೇರು ಹಾಕದ ಅರ್ಧ ಸಾಯದೇ ಹೋದ್ರೆ, ಇನ್ನರ್ಧನ ಜಿನ್ಸೆಂಗೇ ಉಳಿಸ್ತು ಅಂತ ಹೇಗೆ ಹೇಳಲಿ?”

ಮರುದಿನ ಬರೀ ಪೆರಾಕ್ಸೈಡ್ ಬಿದ್ದ ಸಾಲಿನ ಕೋಶಗಳು ಮುದುರಿ, ತಳ ಬಿಟ್ಟು ತೇಲುತ್ತಿದ್ದವು. ಜಿನ್ಸೆಂಗ್ ಸಾಲಿನಲ್ಲಿ ಹೆಚ್ಚಿನವು ಅಂಟಿಕೊಂಡೇ ಇದ್ದವು. ಬಳ್ಳಿಯಕ್ಕ ಕಣ್ಣು ತೆಗೆಯದೆ ನೋಡಿದಳು.

“ಇವನ್ನ ಹೀಗೇ ಇಟ್ಕೋತೀರಲ್ವಾ?”

“ಎಷ್ಟು ಬದುಕಿವೆ ಅಂತ ಅಳೀಬೇಕು. ಬದುಕಿರೋವು ಹಳದಿ ಬಣ್ಣನ ನೇರಳೆ ಮಾಡ್ತವೆ. ಆ ನೇರಳೆ ಅಳೆಯೋಕೆ...” ಸಂಶೋಧಕಿ ತಡೆದು ಹೇಳಿದಳು: “ಕೋಶಾನೇ ಕರಗಿಸ್ಬೇಕು, ಅಕ್ಕ.”

“ಮತ್ತೆ ಯಾಕಮ್ಮ ಉಳಿಸಿದ್ದು?”

ಸಂಶೋಧಕಿ ಎರಡು ಸಾಲಿಗೂ ಹಳದಿ ಬಣ್ಣ ಹಾಕಿ, ಆಮೇಲೆ ಕೋಶ ಕರಗಿಸಿದಳು. ಜಿನ್ಸೆಂಗ್ ಸಾಲು ಕಡುನೇರಳೆಗೆ ತಿರುಗಿತು. ಇಷ್ಟು ಚೆಂದದ ಫಲಿತಾಂಶ ಆ ವರ್ಷ ಬಂದಿರಲಿಲ್ಲ. ಸಂಶೋಧಕಿಯ ಮುಖ ಒಂದು ಕ್ಷಣ ಅರಳಿದ್ದನ್ನು ಬಳ್ಳಿಯಕ್ಕ ನೋಡಿಬಿಟ್ಟಳು.

ಸಂಜೆ ಸಂಶೋಧಕಿ ತಟ್ಟೆ ಹಿಡಿದು ಸಿಂಕಿನತ್ತ ಹೊರಟಳು. “ಇವತ್ತು ನಾನೇ ತೊಳೀತೀನಿ, ಬಿಡಿ.”

“ಬೇಡಮ್ಮ. ನೀವು ತೊಳೆದ್ರೆ ಮೂಲೇಲಿ ಉಳ್ಕೊಂಡಿರುತ್ತೆ.”

ಬಳ್ಳಿಯಕ್ಕ ತಟ್ಟೆ ತೆಗೆದುಕೊಂಡು ಎರಡೂ ಸಾಲುಗಳನ್ನು ಉಜ್ಜಿ ತೊಳೆದಳು. ಅಷ್ಟರಲ್ಲಿ ವಾರ್ಡಿನಿಂದ ಫೋನ್ ಬಂತು. ನರ್ಸಿನ ದನಿಯಲ್ಲಿ ಖುಷಿಯಿತ್ತು: “ಹೆಣ್ಣು ಮಗು, ಗಟ್ಟಿಮುಟ್ಟಾಗಿದೆ. ಬಳ್ಳಿ ಬಿಸಿ ಇದೆ, ಬೇಗ ಬನ್ನಿ.”

ಬಳ್ಳಿಯಕ್ಕ ಕೈ ಒರೆಸಿಕೊಂಡು ಪೆಟ್ಟಿಗೆಗೆ ಐಸ್ ತುಂಬಿದಳು.