ಒತ್ತಬಾರದ ಪ್ರೊಸೆಸರ್

ನನಗೆ ಯಾವುದನ್ನೂ ಮೆಲ್ಲಗೆ ಮುಚ್ಚಲು ಬರುವುದಿಲ್ಲ. ಬೀರುವಿನ ಬಾಗಿಲು, ಟಿಫಿನ್ ಡಬ್ಬಿ, ಕಾರಿನ ಡೋರು, ಎಲ್ಲಕ್ಕೂ ಒಂದು ಗುದ್ದು ಬೀಳಲೇಬೇಕು. ಹೆಂಡತಿ ಇದನ್ನು ಒರಟುತನ ಎನ್ನುತ್ತಾಳೆ, ನಾನು ಊರಿನ ಗುಣ ಎನ್ನುತ್ತೇನೆ. ನಮ್ಮ ಮಂಡ್ಯದ ಕಡೆ ಟಿವಿ ಮಂಕಾದರೆ ತಲೆಗೊಂದು ತಟ್ಟುತ್ತೇವೆ, ಪಂಪ್‌ಸೆಟ್ ಮುನಿಸಿಕೊಂಡರೆ ಒದೆಯುತ್ತೇವೆ, ಬಹಳ ದಿನದ ಮೇಲೆ ಸಿಕ್ಕ ಗೆಳೆಯನ ಬೆನ್ನಿಗೆ ಬಾರಿಸುತ್ತೇವೆ. ಮೂವರೂ ಸಾಮಾನ್ಯವಾಗಿ ಸರಿಹೋಗುತ್ತಾರೆ.

ಇಂಥ ಕೈಯಿಂದ ಮೊನ್ನೆ ಮದ್ದೂರಿನಲ್ಲಿ ಒಂದು ಸರ್ವರಿನ ಪ್ರೊಸೆಸರ್ ಬದಲಾಯಿಸಿದೆ. ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ಹೇಳುವುದಕ್ಕೂ ಬಿಚ್ಚುವುದಕ್ಕೂ ಇರುವ ಅಂತರ ಗೆಳೆಯ ನಿಂಗರಾಜುವಿಗೆ ತಿಳಿಯದು. ಅವನದು ಫೋಟೋ ಸ್ಟುಡಿಯೋ. ಸುತ್ತಲಿನ ಮದುವೆಗಳ ಫೋಟೋಗಳೆಲ್ಲ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಬ್ಬಿಣದ ರ‍್ಯಾಕಿಗೆ ಸಿಕ್ಕಿಸಿದ ಚಪ್ಪಟೆ ಸರ್ವರ್ ಒಂದರೊಳಗಿವೆ. ಅದರ ಪ್ರೊಸೆಸರ್ ಸತ್ತಿತ್ತು. ಫೋಟೋಗಳಿಗೆ ಏನೂ ಆಗಿರಲಿಲ್ಲ, ತೆಗೆದು ತೋರಿಸುವವನೇ ಇರಲಿಲ್ಲ.

ನಾನು ಹೋದಾಗ ಹನಕೆರೆಯ ಜಯಮ್ಮ ಸ್ಟೂಲಿನ ಮೇಲೆ ಕೂತಿದ್ದರು. ಮಗಳ ಮದುವೆಗೆ ಬಂದು ಹರಸಿದ್ದ ಅವರ ತಾಯಿ ಆಮೇಲೆ ತೀರಿಕೊಂಡಿದ್ದರು. ಮುದುಕಿ ಜೀವಮಾನದಲ್ಲಿ ಕ್ಯಾಮೆರಾ ಮುಂದೆ ನಿಂತದ್ದು ಆ ಮದುವೆಯಲ್ಲೇ, ಅದೂ ಒಂದೇ ಸಲ. ಆ ಫೋಟೋ ಈ ಪೆಟ್ಟಿಗೆಯೊಳಗಿತ್ತು.

“ಎಂಗಾರಾ ಮಾಡಿ ನಮ್ಮವ್ವನ ಈಚ್ಗೆ ಕರ್ಕಂಡ್ಬನ್ನಿ ಮೇಷ್ಟ್ರೇ,” ಎಂದರು.

ಕರೆಂಟು ತೆಗೆದು, ಸರ್ವರನ್ನು ಈಚೆಗೆಳೆದು, ಮುಚ್ಚಳ ಬಿಚ್ಚಿದೆ. ಹಳೆಯ ಪ್ರೊಸೆಸರ್ ಎತ್ತಿದರೆ ಕೆಳಗೆ ಸಾವಿರಾರು ಚಿನ್ನದ ಬಣ್ಣದ ಮುಳ್ಳುಗಳು, ಕೂದಲಿಗಿಂತ ಸಣ್ಣವು. ಒಂದು ಬಾಗಿದರೂ ಬೋರ್ಡೇ ಹಾಳು. ಹೊಸದನ್ನು ಅವುಗಳ ಮೇಲೆ ಒತ್ತುವಂತಿಲ್ಲ. ಮೂಲೆಯ ಗುರುತು ಹೊಂದಿಸಿ ಇಡಬೇಕು, ಕೈ ಬಿಡಬೇಕು, ತನ್ನ ಭಾರಕ್ಕೆ ತಾನೇ ಕೂರುತ್ತದೆ. ಇಡುವುದೇನೋ ಸುಲಭ. ಬಿಡಬೇಕೆಂದಾಗ ನನ್ನ ಹೆಬ್ಬೆರಳು ಹುಟ್ಟುಗುಣ ತೋರಿಸಲು ಹೊರಟಿತು.

“ಒಸಿ ಅದುಮ್ಲಾ,” ಎಂದ ನಿಂಗರಾಜು.

“ಸುಮ್ಕಿರ್ಲಾ,” ಎಂದು ಅವನಿಗೂ ಹೆಬ್ಬೆರಳಿಗೂ ಸೇರಿಸಿಯೇ ಹೇಳಿದೆ. ಕೈ ಬಿಟ್ಟೆ. ಕೂತಿತು.

ತಮಾಷೆ ನೋಡಿ, ಅದನ್ನು ಹಿಡಿದಿಡುವ ಕೊಂಡಿಯನ್ನು ಮಾತ್ರ ಬಲವಾಗಿಯೇ ಒತ್ತಬೇಕು. ಒತ್ತಿದರೆ ಕರಕರ ಎಂದಿತು. ಅದು ಸಹಜವಾದ ಸದ್ದೆಂದು ಪುಸ್ತಕದಲ್ಲಿದೆ, ಆದರೆ ನನ್ನ ಎದೆ ಪುಸ್ತಕ ಓದಿಲ್ಲ. ಮೇಲೆ ವೀಳ್ಯದೆಲೆಗೆ ಸುಣ್ಣ ಸವರುವಷ್ಟು, ಶಾಖ ದಾಟಿಸುವ ಪೇಸ್ಟು ಸವರಿ, ಬಿಸಿ ಹೀರುವ ಲೋಹದ ದಿಮ್ಮಿ ಕೂರಿಸಿ, ಸ್ಕ್ರೂ ಬಿಗಿದು ಸ್ವಿಚ್ ಹಾಕಿದೆ.

ಫ್ಯಾನುಗಳು ಭೋರೆಂದವು, ಪರದೆ ಕಪ್ಪಗೇ ಇತ್ತು. ಹೊಸ ಪ್ರೊಸೆಸರ್ ಬಂದಾಗ ಸರ್ವರ್ ಒಳಗಿನದನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿಕೊಳ್ಳುತ್ತದೆ, ಹೊಸ ಸೊಸೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೆರೆದು ನೋಡುವ ಹಾಗೆ. ಇದನ್ನು ಪಾಠದಲ್ಲಿ ಹೇಳಿದವನೇ ನಾನು, ಆದರೂ ತಡೆಯಲಾಗಲಿಲ್ಲ.

“ಓಯ್ತು ಬುಡು,” ಎಂದು ನಿಂಗರಾಜು ಸರ್ವರಿಗೊಂದು ಬಾರಿಸಲು ಕೈ ಎತ್ತಿದ. ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆ ನೆಪದಲ್ಲಿ ನನ್ನ ಕೈಯೂ ಕಟ್ಟುಬಿತ್ತು. ಕೊನೆಗೆ ಪರದೆಯ ಮೇಲೆ ಅಕ್ಷರ ಮೂಡಿದಾಗ ಆದ ನಿರಾಳವನ್ನು ಏನೆಂದು ಹೇಳಲಿ, ನನಗೆ ಅಳುವೇ ಬರುವಂತಾಯಿತು.

ಫೋಟೋ ತೆರೆಯಿತು. ಅಜ್ಜಿ ಹರಸುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ಬಾಯಿ ತೆರೆದು, ಕೈ ಎತ್ತಿ, ಫೋಟೋ ತೆಗೆಯುತ್ತಿದ್ದ ನಿಂಗರಾಜುವನ್ನೇ ಬೈಯುತ್ತಿದ್ದರು.

ಅವನು ಪೆಚ್ಚಾದ. “ಸರ‍್ಯಾಗಿ ಬಂದಿಲ್ಲ ಕಣಕ್ಕ. ಕಂಪ್ಯೂಟ್ರಲ್ಲಿ ನಗೋ ಅಂಗೆ ಮಾಡ್ಕೊಡ್ಲಾ?”

ಫೋಟೋಗೆ ನಗುವಾಗ ನಾವೆಲ್ಲ ಒಂದೇ ಥರ ಕಾಣುತ್ತೇವೆ. ಬೈಯುವಾಗ ಮಾತ್ರ ಒಬ್ಬೊಬ್ಬರೂ ತಮ್ಮ ಥರ ಇರುತ್ತಾರೆ. ಜಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಏನೂ ಮಾಡ್ಬ್ಯಾಡ. ನಮ್ಮವ್ವ ಇದ್ದದ್ದೇ ಇಂಗೆ ಕಣಪ್ಪ. ಇಂಗೇ ದೊಡ್ಡದು ಮಾಡ್ಕೊಡು. ಬಾಗ್ಲೆದ್ರಿಗೆ ಆಕ್ತೀನಿ, ಬಂದೋರೆಲ್ಲ ಒಂದ್ಸಲ ಬೈಸ್ಕಂಡೇ ಒಳಿಕ್ಕೆ ಬರ‍್ಲಿ!”