ಕಾಕಾನ ಬಿಲ್ಲಿಗೆ ನಾನು ತಂದ ಹೊಳಪು

ಗೋಕಾಕದ ನಮ್ಮ ಅಂಗಡಿಯಲ್ಲಿ ಬಣ್ಣ ಹೊಡೆಯುವವರು ನಮ್ಮ ಮನೆಯವರು, ತಿಕ್ಕಿ ಹೊಳಪು ತರುವವಳು ನಾನು. ಮೋಟರ್ ಸೈಕಲ್ಲಿನ ಪೆಟ್ರೋಲ್ ಟಾಕಿಗಳನ್ನು ತಿಕ್ಕಿ ತಿಕ್ಕಿ ನನ್ನ ಬೆರಳಿನ ಗೆರೆಗಳೇ ಸವೆದಿವೆ. ರೇಷನ್ ಅಂಗಡಿಯ ಯಂತ್ರ ನನ್ನ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ. ಕೆಲಸದ ಬಗ್ಗೆ ಯಾರಾದರೂ ಒಂದು ಮಾತು ಆಡಿದರೆ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಇದು ಗಿರಾಕಿಗಳಿಗೂ ಗೊತ್ತು, ಬೀಗರಿಗೂ ಗೊತ್ತು.

ಹೋದ ವರ್ಷ ಮಸಗುಪ್ಪಿಯಿಂದ ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಹಳೆ ಧೋತರದಲ್ಲಿ ಸುತ್ತಿಕೊಂಡು ಒಂದು ಬಿಲ್ಲು ತಂದ. ಅವನು ಎತ್ತಿನ ಚಕ್ಕಡಿ ಮಾಡುವ ಬಡಿಗ. ತನ್ನ ಮಗಳು ಕಾಲೇಜಿನಲ್ಲಿ ಬಿಲ್ಲುಗಾರಿಕೆ ಕಲಿಯುತ್ತಿದ್ದಾಳೆಂದು ಚಕ್ಕಡಿಗೆ ಹಾಕುವ, ಬಾಗಿದರೂ ಮುರಿಯದ ದಡಸಲ ಮರದ ಕಟ್ಟಿಗೆಯನ್ನೇ ಎರಡು ತಿಂಗಳು ಕೂತು ಕೆತ್ತಿದ್ದ. ಹುಕ್ಕೇರಿಯ ಸ್ಪರ್ಧೆಗೆ ಹದಿನೈದು ದಿನ ಉಳಿದಿತ್ತು. ಅಲ್ಲಿ ಗೆದ್ದರೆ ಅವಳಿಗೆ ಜಿಲ್ಲಾ ತಂಡದಲ್ಲಿ ಜಾಗ.

"ಮಳಿ ಥಂಡಿಗೆ ಏನೂ ಆಗಬಾರ್ದವ್ವಾ, ಹಂಗ ಬಣ್ಣಾ ಹೊಡೀರಿ. ಸ್ವಲ್ಪ ಚಂದನೂ ಕಾಣ್ಲಿ," ಅಂದ.

"ಸ್ವಲ್ಪ ಯಾಕ ಕಾಕಾ? ಮುಖಾ ನೋಡ್ಕೋಬೇಕು, ಹಂಗ ಮಾಡಿ ಕೊಡ್ತೇನಿ," ಅಂದೆ.

ಮನೆಯವರು ಸ್ಪ್ರೇ ಗನ್ನಿನಿಂದ ಕ್ಲಿಯರ್, ಅಂದರೆ ಬಣ್ಣವಿಲ್ಲದ ವಾರ್ನಿಶ್, ನಾಲ್ಕು ಕೋಟು ಹೊಡೆದರು. ಒಣಗಿದ ಮೇಲೆ ನೋಡಿದರೆ ಮೈಯೆಲ್ಲ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ತಗ್ಗುದಿಬ್ಬ. ಅಲ್ಲಿಂದ ಮುಂದೆ ನನ್ನ ಕೆಲಸ. ಉಜ್ಜುವ ವಾಟರ್ ಪೇಪರನ್ನು ಸೋಪಿನ ನೀರಲ್ಲಿ ನೆನೆಸಿ, ಮೊದಲು ಸಾವಿರ ನಂಬರಿನದು, ಆಮೇಲೆ ಒಂದೂವರೆ ಸಾವಿರ, ಕೊನೆಗೆ ತೀರ ನುಣುಪಾದ ಎರಡು ಸಾವಿರದ್ದು. ಟಾಕಿಯಾದರೆ ಅಗಲ ಮೈ, ಕೈ ಹೋದ ಹಾಗೆ ಬಿಡಬಹುದು. ಬಿಲ್ಲಿಗೆ ಎಲ್ಲಿ ನೋಡಿದರೂ ಅಂಚು! ಅಂಚಿನಲ್ಲಿ ಒಂದು ಸಲ ಹೆಚ್ಚು ತಿಕ್ಕಿದರೆ ಕ್ಲಿಯರ್ ಹೋಗಿ ಕಟ್ಟಿಗೆ ಬಯಲಾಗುತ್ತದೆ. ಹಾಗಾಗಿ ಪಾಲಿಶ್ ಮಷೀನು ಮುಟ್ಟಲಿಲ್ಲ. ಹಳೆ ಬನಿಯನ್ ಬಟ್ಟೆಗೆ ರಬ್ಬಿಂಗ್ ಪೇಸ್ಟು ಹಚ್ಚಿಕೊಂಡು ಗೇಣು ಗೇಣಾಗಿ ತಿಕ್ಕಿದೆ. ನಾಲ್ಕನೆಯ ದಿನ ಟ್ಯೂಬ್‌ಲೈಟಿನ ಕೆಳಗೆ ಹಿಡಿದರೆ ಬೆಳಕಿನ ಗೆರೆ ಈ ತುದಿಯಿಂದ ಆ ತುದಿಗೆ ಎಲ್ಲೂ ನಡುಗದೆ ಹೋಯಿತು. ಅಬ್ಬಾ, ಎಂಥ ಖುಷಿ! ಬಾಜೂ ಅಂಗಡಿಯವರನ್ನೆಲ್ಲ ಕರೆದು ತೋರಿಸಿದೆ.

ಬಿಲ್ಲು ಕೊಟ್ಟು ಕಳಿಸಿ ಐದಾರು ದಿನ ಬಿಟ್ಟು ನಾನೇ ಮಸಗುಪ್ಪಿಗೆ ಹೋದೆ. ನಿಜ ಹೇಳಬೇಕೆಂದರೆ ಹೊಗಳಿಸಿಕೊಳ್ಳಲು ಹೋಗಿದ್ದೆ. ಬೆಳಗಿನ ಹೊತ್ತು, ಕಾಲುವೆಯ ಪಕ್ಕದ ಬಯಲಿನಲ್ಲಿ ಕಾಕಾನ ಮಗಳು ಗುರಿ ಇಡುತ್ತಿದ್ದಳು. ಕಾಕಾ ಮುಖ ಸಣ್ಣದು ಮಾಡಿಕೊಂಡು, ಕಟ್ಟಿಗೆ ತಿಕ್ಕುವ ಕಾನಸು ಹಿಡಿದು ನಿಂತಿದ್ದ.

"ಒಂದೂ ಬಾಣ ನೆಟ್ಟಗ ಹೋಗವಲ್ದವ್ವಾ. ನನ್ನ ಕೆತ್ತನಿನ ತಪ್ಪೈತಿ. ಬಿಲ್ಲಿನ ಮ್ಯಾಲಿನ ತೋಳು ದಪ್ಪ ಆಗೇತಿ, ಸ್ವಲ್ಪ ತಗೀತೇನಿ," ಅಂದ.

"ತಗದ ಮ್ಯಾಲ ಮತ್ತ ಕೂಡ್ಸಾಕ ಬರ್ತೈತೇನು?"

"ಎಲ್ಲಿಂದ ಬರಬೇಕು? ಹೋದ್ರ ಬಿಲ್ಲ ಹೋತು. ಏನ್ ಮಾಡ್ಲಿ, ಇನ್ನ ಮೂರ ದಿನ ಉಳದೈತಿ."

ಆಗಲೂ ನನಗೆ ನನ್ನ ಹೊಳಪಿನದೇ ಚಿಂತೆ. ಕಾನಸು ಬಿದ್ದರೆ ನಾಲ್ಕು ದಿನದ ಶ್ರಮ ನೀರುಪಾಲು! "ತಡಿ, ನಾ ಒಮ್ಮಿ ನೋಡ್ತೇನಿ," ಎಂದು ಬಿಲ್ಲು ಕಸಿದುಕೊಂಡು, ಹುಡುಗಿ ನಿಂತಿದ್ದ ಜಾಗದಲ್ಲೇ ನಿಂತು ಹೆದೆ ಎಳೆದೆ. ಗುರಿ ಇದ್ದದ್ದು ಪಶ್ಚಿಮಕ್ಕೆ, ಬಿಸಿಲು ನನ್ನ ಬೆನ್ನಿಗೆ. ಬಿಲ್ಲಿನ ಒಳಮೈಯಿಂದ ಆ ಬಿಸಿಲು ಚುರ್ರೆಂದು ತಿರುಗಿ ನನ್ನ ಕಣ್ಣಿಗೇ ಹೊಡೆಯಿತು. ಗುರಿಹಲಗೆ ಹೋಗಲಿ, ಅದರ ಹಿಂದಿನ ಬೇಲಿಯೂ ಕಾಣಲಿಲ್ಲ.

ಹುಡುಗಿಯ ಮುಖ ನೋಡಿದೆ. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು.

"ಕಣ್ಣಿಗೆ ಹೊಡಿಯಾಕತ್ತೈತಿ ಅಂತ ಯಾಕ ಹೇಳ್ಲಿಲ್ಲ?"

ಅವಳು ನೆಲ ನೋಡುತ್ತ, "ಹೇಳಿದ್ರ ನೀ ಸಿಟ್ಟ ಮಾಡ್ಕೋತಿದ್ದಿ ಅಕ್ಕಾ. ತಪ್ಪ ಅಪ್ಪನ ಕೆತ್ತನಿ ಮ್ಯಾಲ ಹಾಕಿದ್ರ ಅಂವಾ ಏನೂ ಅನ್ನೂದಿಲ್ಲ," ಅಂದಳು.

ನಾಚಿಕೆಯಿಂದ ನಿಂತಲ್ಲೇ ಇಳಿದುಹೋದೆ. ನನ್ನ ಬಾಯಿಗೆ ಹೆದರಿ ಈ ಹುಡುಗಿ ಸ್ಪರ್ಧೆಯನ್ನೇ ಕಳೆದುಕೊಳ್ಳಲು ತಯಾರಾಗಿದ್ದಳು. ಕಾಕಾ ತನ್ನ ಒಳ್ಳೆಯ ಬಿಲ್ಲನ್ನು ತಾನೇ ಕೆಡಿಸಲು ಹೊರಟಿದ್ದ.

"ಕಾನಸು ಒಳಗಿಡು ಕಾಕಾ. ನಿನ್ನ ತಪ್ಪಲ್ಲ, ನನ್ನ ತಪ್ಪು," ಅಂದೆ. ಅವನ ಡಬ್ಬಿಯಿಂದ ಪಾಲಿಶ್ ಪೇಪರಿನ ಸವೆದ ಚೂರೊಂದನ್ನು ತೆಗೆದು, ಕಾಲುವೆಯ ನೀರಲ್ಲಿ ಅದ್ದಿ, ಅವಳ ಕಡೆಗೆ ಬರುವ ಮೈಯನ್ನು ನಾನೇ ತಿಕ್ಕಿದೆ. ನಾಲ್ಕು ದಿನದ ಹೊಳಪು ಕಾಲು ಗಂಟೆಯಲ್ಲಿ ಮಾಸಿತು.

"ಪಾಪ, ಎಷ್ಟ ಕಷ್ಟಾಪಟ್ಟಿದ್ದಿ," ಅಂದ ಕಾಕಾ.

"ಇರ್ಲಿ ಬಿಡು," ಅಂದೆ. ಒದ್ದೆ ಬಿಲ್ಲನ್ನು ಸೆರಗಿನಿಂದ ಒರೆಸಿ ಕೆಳಗಿಟ್ಟೆ.

ಹುಡುಗಿ ಕಣ್ಣು ತೊಳೆದುಕೊಂಡು ಬಂದು ಬಿಲ್ಲು ಎತ್ತಿದಳು. ಈ ಸಲ ಕಣ್ಣು ಕಿರಿದು ಮಾಡಲಿಲ್ಲ. ಬಾಣ ಹೋಗಿ ನಟ್ಟನಡುವಿನ ಹಳದಿಯಲ್ಲಿ ನಾಟಿತು. ಕಾಕಾ "ಭೇಷ್!" ಎಂದು ಕೂಗಿದ. ಅವಳು ಅತ್ತ ನೋಡಲೇ ಇಲ್ಲ. ಬಾಣ ಬಿಟ್ಟವಳೇ ತಿರುಗಿ, ನನಗೆ ಸಿಟ್ಟು ಬಂತೇನೋ ಎಂದು ನನ್ನ ಮುಖ ನೋಡುತ್ತ ನಿಂತಿದ್ದಳು.